‘ಆರಾಮ ಅದೀನ್ರಿ’ ಎನ್ನುವವರ ಪಕ್ಕ ಕುಳಿತು

ನಾನು ಕೆಲಸ ಮಾಡುವ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಒಂದು ಗೋಡೆಯಿದೆ. ಅದರ ತುಂಬ ಸೀಮೆಸುಣ್ಣದ ಗೆರೆಗಳು. ಸ್ತನ ಕ್ಯಾನ್ಸರಿಗೆ ಆಪರೇಷನ್ ಆದ ಹೆಂಗಸರು ಆ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಒಂದೊಂದಾಗಿ ಮೇಲಕ್ಕೆ ಸರಿಸುತ್ತ ಹೋಗಬೇಕು. ಕೈ ಎಲ್ಲಿ ನಿಂತಿತೋ ಅಲ್ಲಿ ನಮ್ಮ ಫಿಸಿಯೋಥೆರಪಿಸ್ಟ್ ಒಂದು ಗೆರೆ ಎಳೆದು ತಾರೀಕು ಬರೆಯುತ್ತಾರೆ. ಮುಂದಿನ ವಾರ ಅದಕ್ಕಿಂತ ಒಂದು ಬೆರಳು ಮೇಲೆ. ಭುಜ ಬಿಗಿದುಕೊಳ್ಳದಂತೆ ಮಾಡುವ ಸುಲಭದ ವ್ಯಾಯಾಮ ಅದು. ಮನೆಯ ಗೋಡೆಯ ಮೇಲೂ ಮಾಡಬಹುದು.

ಹೊಲಿಗೆ ಕೆಲಸದ ಒಬ್ಬರು ಪ್ರತಿ ಬುಧವಾರ ಬರುತ್ತಿದ್ದರು. ಐದು ವಾರ ಅವರ ಗೆರೆ ಏರುತ್ತಲೇ ಹೋಯಿತು. ಆರನೆಯ ವಾರ ನಾಲ್ಕು ಬೆರಳು ಕೆಳಗೆ ನಿಂತಿತು. ಕೈ ಊದಿಕೊಂಡಿರಬಹುದು ಎಂದು ಫಿಸಿಯೋಥೆರಪಿಸ್ಟ್ ಟೇಪು ಹಿಡಿದು ಅಳೆದರು. ಊತ ಇರಲಿಲ್ಲ. ಗಾಯ ಮಾಗಿತ್ತು. “ಮನ್ಯಾಗ ಎಲ್ಲಾ ಆರಾಮ ಏನ್ರಿ?” ಎಂದು ಸುಮ್ಮನೆ ಕೇಳಿದರು. ಆ ಹೆಂಗಸು ಉತ್ತರ ಕೊಡದೆ ಹಣೆಯನ್ನು ಗೋಡೆಗೆ ಒತ್ತಿ ನಿಂತುಬಿಟ್ಟರು. ಹಣೆಗೆಲ್ಲ ಸೀಮೆಸುಣ್ಣ. ರೋಗಿಗಳ ಮನಸ್ಸಿನ ಮಾತು ಕೇಳುವುದು ನನ್ನ ಕೆಲಸ. ನನ್ನನ್ನು ಕರೆದದ್ದು ಆಗ.

ಇಪ್ಪತ್ತು ದಿನದಿಂದ ಅವರಿಗೆ ನಿದ್ದೆ ಇರಲಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಬಚ್ಚಲುಮನೆಗೆ ಹೋಗಿ, ಉಳಿದ ಇನ್ನೊಂದು ಎದೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮುಂದಿನ ವಾರ ಎದೆಯ ಎಕ್ಸ್‌ರೇ ತಪಾಸಣೆ, ಮ್ಯಾಮೊಗ್ರಾಂ ಇತ್ತು. ಅದೇ ಹೊತ್ತಿಗೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. “ನಾ ಸತ್ತರ ಸಾಯ್ತೀನ್ರಿ, ಆದ್ರ ಈ ಸುದ್ದಿ ಅವರ ಕಿವಿಗೆ ಬೀಳಬಾರ್ದು” ಎಂದರು. ಗಂಡನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಚಿಕಿತ್ಸೆ ಮುಗಿದಿದೆ, ಕೂದಲು ಬಂದಿದೆ, ಮನೆಯವರ ಲೆಕ್ಕದಲ್ಲಿ ಹೆಂಡತಿ ಗುಣವಾಗಿದ್ದಾಳೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವತ್ತು ನನ್ನ ಮಾತಿನಲ್ಲಿ ಬರುವ ಯಾವ ರೋಗಿಯೂ ಒಬ್ಬರೇ ಒಬ್ಬರಲ್ಲ. ಇಬ್ಬರು ಮೂವರ ಬದುಕನ್ನು ಬೆರೆಸಿ, ಊರು ಮನೆತನದ ಗುರುತು ಅಳಿಸಿ ಹೇಳುತ್ತಿದ್ದೇನೆ. ಆಡಿದ ಮಾತುಗಳು ಮಾತ್ರ ನಾನು ಕಿವಿಯಾರೆ ಕೇಳಿದಂಥವೇ.

ಹೊರರೋಗಿಯಾಗಿ ಪುನಶ್ಚೇತನ ಪಡೆಯುವುದು ಎಂದರೆ ಇಷ್ಟೆ. ಆಪರೇಷನ್ ಆಗಿದೆ, ಕೀಮೋ ಆಗಿದೆ, ನಮ್ಮ ಜನ ‘ಕರೆಂಟ್ ಕೊಡೋದು’ ಎನ್ನುವ ರೇಡಿಯೇಷನ್ ಆಗಿದೆ. ಡಿಸ್ಚಾರ್ಜ್ ಮಾಡಿ ಕಳಿಸಿದ್ದಾರೆ. ಆದರೆ ಕೈ ಏಳುವುದಿಲ್ಲ, ಬಾಯಿ ತೆರೆಯುವುದಿಲ್ಲ, ನುಂಗಲು ಆಗುವುದಿಲ್ಲ, ಮಾತು ಹೊರಡುವುದಿಲ್ಲ, ಮಲ ಹೊರಹೋಗಲು ಹೊಟ್ಟೆಯ ಪಕ್ಕ ಕೂರಿಸಿದ ಚೀಲವನ್ನು ನೋಡಿಕೊಳ್ಳುವುದು ಬರುವುದಿಲ್ಲ. ಅದನ್ನೆಲ್ಲ ಮತ್ತೆ ಕಲಿಯಲು ಮನೆಯಿಂದ ಬಂದು ಹೋಗಬೇಕು. ಜರ್ಮನಿಯಲ್ಲಿ ಚಿಕಿತ್ಸೆ ಮುಗಿಸಿದವರಿಗೆ ಮೂರು ವಾರದ ಪುನಶ್ಚೇತನ ಎಂಬುದು ರೂಢಿಯಲ್ಲೇ ಇದೆ. ಬಹಳ ಸಲ ಅದರ ಖರ್ಚನ್ನು ಪಿಂಚಣಿ ವಿಮೆ ಕೊಡುತ್ತದೆ. ಅಲ್ಲೇ ಉಳಿದುಕೊಳ್ಳಬಹುದು, ಮನೆಯಿಂದ ಬಂದು ಹೋಗುವ ಏರ್ಪಾಡೂ ಇದೆ. ಮನಶ್ಶಾಸ್ತ್ರಜ್ಞರು ಆ ತಂಡದಲ್ಲೇ ಇರುತ್ತಾರೆ. ನಮ್ಮಲ್ಲಿ ಬಹುತೇಕರಿಗೆ ಪುನಶ್ಚೇತನ ಎಂದರೆ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುವ ನಡುವೆ ಸಿಗುವ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಕೈಯನ್ನು ನೋಡುತ್ತೇವೆ, ಬಾಯಿಯನ್ನು ನೋಡುತ್ತೇವೆ. ಮನಸ್ಸನ್ನೂ ನೋಡಲೇಬೇಕು, ಅದಕ್ಕೆ ಅದೇ ಸರಿಯಾದ ಜಾಗ ಎಂದು ಹೇಳುವುದಕ್ಕೇ ನಾನು ಇವತ್ತು ಬಂದಿರುವುದು.

ಚಿಕಿತ್ಸೆ ನಡೆಯುವಾಗ ಸಂಕಟ ಇರುವುದಿಲ್ಲ ಎಂದಲ್ಲ. ಆದರೆ ಆಗ ಒಂದು ಕೆಲಸ ಇರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಕರೆಂಟ್, ಇಷ್ಟು ದಿನ ಆಯಿತು, ಇನ್ನಿಷ್ಟು ಉಳಿಯಿತು ಎಂಬ ಎಣಿಕೆ. ದಿನಾ ಮುಖ ನೋಡುವ ನರ್ಸಮ್ಮ, ಧರ್ಮಶಾಲೆಯ ಪಕ್ಕದ ಹಾಸಿಗೆಯವರು, ‘ನಿಮಗೆಷ್ಟು ಆತು, ನಮಗಿಷ್ಟು ಆತು’ ಎಂಬ ಮಾತುಕತೆ. ಕೊನೆಯ ದಿನ ಡಾಕ್ಟರು “ಮುಗೀತು, ಇನ್ನು ಮೂರು ತಿಂಗಳಿಗೆ ಬನ್ನಿ” ಎನ್ನುತ್ತಾರೆ. ಮನೆಯವರು ಸಿಹಿ ಹಂಚುತ್ತಾರೆ. ಮನೆಗೆ ಬಂದು ನಾಲ್ಕು ದಿನ ಕಳೆದ ಮೇಲೆ, ಅಷ್ಟು ತಿಂಗಳು ಹಿಂದೆ ಸರಿಸಿಟ್ಟಿದ್ದ ಭಯವೆಲ್ಲ ಒಟ್ಟಿಗೆ ಎದ್ದು ಬರುತ್ತದೆ. ಈಗ ಔಷಧಿಯೂ ಇಲ್ಲವಲ್ಲ, ಆ ಗಡ್ಡೆ ಸುಮ್ಮನೆ ಇರುತ್ತದೆಯೇ? ಸಾಲ ಎಷ್ಟಾಯಿತು? ಕೆಲಸಕ್ಕೆ ಕರೆಯುತ್ತಾರೆಯೇ? ಗಂಡ ಹತ್ತಿರ ಬರುತ್ತಾನೆಯೇ? ಕೇಳಿದರೆ ‘ಗುಣ ಆಗಿದ್ದೀಯಲ್ಲ, ಇನ್ನೇನು’ ಎನ್ನುತ್ತಾರೆ ಎಂಬ ಅಂಜಿಕೆಗೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಇದು ಎಷ್ಟು ಜನರಿಗೆ ಆಗುತ್ತದೆ? 2011ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ದೊಡ್ಡ ವಿಶ್ಲೇಷಣೆ ಬಂತು. ರೋಗಿಗಳನ್ನು ಎದುರು ಕೂರಿಸಿ ಮಾತಾಡಿಸಿ ರೋಗನಿರ್ಣಯ ಮಾಡಿದ ಅಧ್ಯಯನಗಳನ್ನಷ್ಟೇ ಅದರಲ್ಲಿ ತೆಗೆದುಕೊಂಡಿದ್ದರು. ಕ್ಯಾನ್ಸರ್ ವಿಭಾಗಗಳಲ್ಲಿ ನೂರಕ್ಕೆ ಸುಮಾರು 16 ಜನರಿಗೆ ಖಿನ್ನತೆ ಇತ್ತು. ಬದಲಾದ ಬದುಕಿಗೆ ಹೊಂದಿಕೊಳ್ಳಲಾಗದೆ ಒದ್ದಾಡುವವರು, ಆತಂಕದವರು ಎಲ್ಲರನ್ನೂ ಸೇರಿಸಿದರೆ ಸುಮಾರು 38. ಅಂದರೆ ಹತ್ತು ಜನ ಕೂತಿರುವ ಬೆಂಚಿನಲ್ಲಿ ಹತ್ತಿರ ಹತ್ತಿರ ನಾಲ್ಕು ಜನ. ಉಳಿದ ಆರು ಜನಕ್ಕೆ ಸಂಕಟವೇ ಇಲ್ಲ ಎಂದು ಅರ್ಥ ಮಾಡಿಕೊಳ್ಳಬೇಡಿ. ಅವರ ಸಂಕಟ ಕಾಯಿಲೆಯ ಮಟ್ಟಕ್ಕೆ ಹೋಗಿಲ್ಲ, ಅಷ್ಟೆ.

ಇನ್ನೊಂದು ಲೆಕ್ಕ ನನ್ನನ್ನು ಬಹಳ ಕಾಡಿದ್ದು. ಸ್ಕಾಟ್ಲೆಂಡಿನಲ್ಲಿ ಕ್ಯಾನ್ಸರ್ ಕ್ಲಿನಿಕ್ಕುಗಳಿಗೆ ಬಂದು ಹೋಗುವ 21,000ಕ್ಕೂ ಹೆಚ್ಚು ಜನರನ್ನು ತಪಾಸಿಸಿ 2014ರಲ್ಲಿ ವರದಿ ಪ್ರಕಟಿಸಿದರು. ತೀವ್ರ ಖಿನ್ನತೆ ಇದ್ದವರಲ್ಲಿ ನೂರಕ್ಕೆ 73 ಜನರಿಗೆ ಅದಕ್ಕೆ ತಕ್ಕ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸರ್ಕಾರವೇ ವೈದ್ಯಕೀಯದ ಖರ್ಚು ಹೊರುವ ದೇಶ ಅದು. ಅಲ್ಲಿಯೇ ಹೀಗೆ. ಏಕೆಂದರೆ ಯಾರೂ ಕೇಳುವುದಿಲ್ಲ, ಕೇಳದೆ ರೋಗಿ ಹೇಳುವುದಿಲ್ಲ.

ಕೇಳುವುದು ಹೇಗೆ ಎಂಬ ಪ್ರಶ್ನೆಗೆ ಒಬ್ಬ ಮನೋವೈದ್ಯೆ ಇಡೀ ಬದುಕನ್ನು ಕೊಟ್ಟರು. ಜಿಮ್ಮಿ ಹಾಲೆಂಡ್. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1977ರಲ್ಲಿ ಮನೋವೈದ್ಯಕೀಯ ಸೇವೆ ಕಟ್ಟಿದವರು, 2017ರಲ್ಲಿ ತೀರಿಕೊಂಡರು. ರೋಗಿಗಳ ಹತ್ತಿರ ‘ಖಿನ್ನತೆ ಇದೆಯಾ, ಮಾನಸಿಕ ಸಮಸ್ಯೆ ಇದೆಯಾ’ ಎಂದು ಕೇಳಿದರೆ ಯಾರೂ ಹೌದು ಎನ್ನುವುದಿಲ್ಲ ಎಂದು ಅವರ ತಂಡಕ್ಕೆ ಗೊತ್ತಿತ್ತು. ಆದ್ದರಿಂದ ಯಾರಿಗೂ ನಾಚಿಕೆಯಾಗದ ಒಂದು ಪದವನ್ನು ಹುಡುಕಿ, ಜ್ವರ ನೋಡುವ ಥರ್ಮಾಮೀಟರಿನ ಚಿತ್ರ ಬರೆದು, ಸೊನ್ನೆಯಿಂದ ಹತ್ತರವರೆಗೆ ಗುರುತು ಹಾಕಿ, ‘ಕಳೆದ ಒಂದು ವಾರದಲ್ಲಿ ನಿಮ್ಮ ಸಂಕಟ ಎಷ್ಟು’ ಎಂದು ಕೇಳತೊಡಗಿದರು. ನಾಲ್ಕೋ ಅದಕ್ಕಿಂತ ಹೆಚ್ಚೋ ಎಂದರೆ ಕೂತು ಮಾತಾಡಬೇಕು. ಜೊತೆಗೆ ಒಂದು ಪಟ್ಟಿ: ದುಡ್ಡು, ಪ್ರಯಾಣ, ಮಕ್ಕಳು, ನಿದ್ದೆ, ನೋವು, ದೇವರ ಮೇಲಿನ ನಂಬಿಕೆ, ಯಾವುದರಿಂದ ಸಂಕಟ ಎಂದು ಗುರುತು ಹಾಕಲು. ನಾಡಿ, ಉಸಿರು, ರಕ್ತದೊತ್ತಡ, ಜ್ವರ, ನೋವು, ಇವುಗಳ ಸಾಲಿನಲ್ಲಿ ಆರನೆಯದಾಗಿ ಸಂಕಟವನ್ನೂ ಪ್ರತಿ ಭೇಟಿಯಲ್ಲಿ ನೋಡಬೇಕು ಎಂಬ ಮಾತು ಈಗ ಜಗತ್ತಿನ ಕ್ಯಾನ್ಸರ್ ಸಂಸ್ಥೆಗಳಲ್ಲಿ ಒಪ್ಪಿತವಾಗಿದೆ.

ನಾನು ಆ ಥರ್ಮಾಮೀಟರಿನ ಚಿತ್ರವನ್ನು ಮೊದಲ ಸಲ ಒಬ್ಬ ಅಜ್ಜನ ಮುಂದೆ ಇಟ್ಟಾಗ ಅವರು “ಜ್ವರ ಇಲ್ಲವ್ವಾ ನನಗ” ಎಂದರು. ಅವರದು ಸರಿಯಾದ ಉತ್ತರವೇ. ಸೊನ್ನೆಯಿಂದ ಹತ್ತು ಎಂಬ ಲೆಕ್ಕ ಪರೀಕ್ಷೆ ಬರೆದವರಿಗೆ ಸುಲಭ. ನಮ್ಮ ಹಿರಿಯರು ಕಾಯಿಲೆಯನ್ನು ಅಳೆಯುವುದು ಬೇರೆ ಥರ. ನೀವೂ ಮನೆಯಲ್ಲಿ ಕೇಳಿರುತ್ತೀರಿ: “ರೂಪಾಯ್ದಾಗ ಹನ್ನೆರಡಾಣೆ ಕಮ್ಮಿ ಆಗೇತಿ, ನಾಕಾಣೆ ಉಳದೇತಿ.” ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಯಿತು, ನೋವಿನ ಲೆಕ್ಕದಲ್ಲಿ ಇನ್ನೂ ಉಳಿದಿದೆ. ಈಗ ನಾನು ಹಾಗೆಯೇ ಕೇಳುತ್ತೇನೆ. “ಈ ವಾರ ಮನಸ್ಸಿನ ಮ್ಯಾಲಿನ ಭಾರ ರೂಪಾಯ್ದಾಗ ಎಷ್ಟಾಣೆ?” ಆರೇಳಾಣೆ ದಾಟಿತು ಎಂದರೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತೇನೆ. ಫೈಲಿನಲ್ಲಿ ಬರೆಯುವಾಗ ಹತ್ತರ ಅಂಕೆಯನ್ನೇ ಬರೆಯುತ್ತೇವೆ, ಅದನ್ನು ಬಿಡುವಂತಿಲ್ಲ. ಆಣೆಯ ಮಾತು ಬಾಯಿ ಬಿಡಿಸುವುದಕ್ಕೆ.

ಖಿನ್ನತೆ ಎಂಬ ಪದವನ್ನು ನಮ್ಮ ಬೆಂಚಿನ ಮೇಲೆ ಕೂತವರ ಬಾಯಲ್ಲಿ ನಾನು ಹೆಚ್ಚು ಕೇಳಿಲ್ಲ. ‘ಯಾವುದೂ ಬ್ಯಾಡ ಅನಸ್ತೇತ್ರಿ’, ‘ಎದಿ ಭಾರ’, ‘ಜೀವಾ ಬ್ಯಾಸತ್ತೇತಿ’, ‘ಹೊಟ್ಯಾಗ ಸಂಕಟ’, ‘ಕೈಕಾಲಾಗ ಕಸುವಿಲ್ಲ’, ಹೀಗೆ ಬರುತ್ತದೆ. ಹೊಟ್ಟೆಯ ಸಂಕಟ ಎಂದಾಗ ಗ್ಯಾಸಿನ ಮಾತ್ರೆ ಬರೆದುಕೊಟ್ಟು ಕಳಿಸಿದ ಚೀಟಿಗಳನ್ನು ನಾನು ನೋಡಿದ್ದೇನೆ. ಗಂಡಸರಲ್ಲಿ ಇದು ಬಹಳ ಸಲ ಸಿಟ್ಟಾಗಿ ಹೊರಬರುತ್ತದೆ. ತಟ್ಟೆ ತಳ್ಳುವುದು, ಮಕ್ಕಳ ಮೇಲೆ ರೇಗುವುದು, ಬಿಟ್ಟಿದ್ದ ಗುಟ್ಕಾ ಮತ್ತೆ ಜೇಬಿಗೆ ಬರುವುದು.

ಗುಟ್ಕಾ ಎಂದೆ, ಅಲ್ಲಿಗೇ ಬರುತ್ತೇನೆ. ಬಾಯಿ ಕ್ಯಾನ್ಸರಿನವರ ಸಂಕಟ ಬೇರೆಯದೇ ಒಂದು ಲೋಕ. ನಮ್ಮ ಕೋಣೆಯ ಮೇಜಿನ ಮೇಲೆ ಐಸ್‌ಕ್ರೀಂ ಕಡ್ಡಿಗಳ ಕಟ್ಟುಗಳಿರುತ್ತವೆ, ರಬ್ಬರ್ ಬ್ಯಾಂಡ್ ಸುತ್ತಿ. ಆಪರೇಷನ್ ಮತ್ತು ಕರೆಂಟ್ ಆದ ಮೇಲೆ ದವಡೆಯ ಸ್ನಾಯುಗಳು ಬಿಗಿದುಕೊಂಡು ಬಾಯಿ ತೆರೆಯುವುದಿಲ್ಲ. ಆರೋಗ್ಯವಂತರ ಬಾಯಿ ಮೂರು ಬೆರಳು ಒಂದರ ಮೇಲೊಂದು ಹಿಡಿಯುವಷ್ಟು ತೆರೆಯುತ್ತದೆ. 35 ಮಿಲಿಮೀಟರಿಗಿಂತ ಕಡಿಮೆಯಾದರೆ ಬಿಗಿತ ಎನ್ನುತ್ತೇವೆ. ಕಡ್ಡಿಗಳ ಕಟ್ಟನ್ನು ಹಲ್ಲುಗಳ ನಡುವೆ ಇಟ್ಟು ಹಿಡಿದಿರಬೇಕು, ದಿನಕ್ಕೆ ಹಲವು ಸಲ. ಸಡಿಲವಾಯಿತು ಎನ್ನಿಸಿದಾಗ ಮಧ್ಯೆ ಇನ್ನೊಂದು ಕಡ್ಡಿ ತೂರಿಸಬೇಕು. ನೋವಿನ ಕೆಲಸ, ಕಣ್ಣಲ್ಲಿ ನೀರು ಬರುತ್ತದೆ.

ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವರೊಬ್ಬರು ಒಂಬತ್ತು ಕಡ್ಡಿಗೆ ಬಂದು ನಿಂತಿದ್ದರು. ಹತ್ತನೆಯದು ಹೋಗಲೇ ಇಲ್ಲ. ಮನೆಯಲ್ಲಿ ಮಾಡುತ್ತಿಲ್ಲ ಎಂದು ಗೊತ್ತಾಯಿತು. ಯಾಕೆ ಎಂದರೆ ತಲೆ ತಗ್ಗಿಸಿದರು. ಹೇಳಿದ್ದು ಅವರ ಹೆಂಡತಿ. ಮದುವೆ, ಜಾತ್ರೆ ಎಲ್ಲೂ ಪಂಕ್ತಿಗೆ ಕೂರುವುದಿಲ್ಲ. ಮನೆಯಲ್ಲೂ ಗೋಡೆಯ ಕಡೆ ಮುಖ ಮಾಡಿ ಕೂತು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕಿವುಚಿ ಕುಡಿಯುತ್ತಾರೆ, ತುಟಿಯ ಅಂಚಿನಿಂದ ಸೋರಿದ್ದನ್ನು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾರೆ. ಒಂದು ದಿನ ಮೊಮ್ಮಗ “ಅಜ್ಜ ಯಾಕ ಹಂಗ ತಿಂತಾನ” ಎಂದು ಕೇಳಿದ ಮೇಲೆ ಎಲ್ಲರೂ ಮಲಗಿದ ನಂತರ ಉಣ್ಣಲು ಶುರು ಮಾಡಿದರು. ಕಡಕ್ ರೊಟ್ಟಿ ಮುರಿದು ತಿಂದು, ನೂರು ಕಿಲೋ ಚೀಲ ಹೊತ್ತ ಮನುಷ್ಯ. “ನಾನ ತಂದ್ಕೊಂಡದ್ರಿ ಇದು, ಯಾರಿಗೆ ಹೇಳ್ಲಿ” ಎಂದರು. ಆಸ್ಪತ್ರೆಯ ಮೆಟ್ಟಿಲು ಹತ್ತಿದ ದಿನದಿಂದ ಎಷ್ಟು ಜನ ಅವರಿಗೆ ಗುಟ್ಕಾದ ಬಗ್ಗೆ ಬುದ್ಧಿ ಹೇಳಿದ್ದರೋ. ತಂಬಾಕು ಬಿಡಿಸುವುದು ಅಗತ್ಯ, ನಾನೂ ಆ ಕೆಲಸ ಮಾಡುತ್ತೇನೆ. ಆದರೆ ದವಡೆ ಕಳೆದುಕೊಂಡವನಿಗೆ ಪ್ರತಿ ಭೇಟಿಯಲ್ಲೂ ‘ನೀನೇ ಮಾಡಿಕೊಂಡಿದ್ದು’ ಎಂದು ಹೇಳುವುದು ಕ್ರೌರ್ಯ. ನನಗೆ ಇದರಲ್ಲಿ ಎರಡು ಮಾತಿಲ್ಲ.

ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿನಿಂದ ಗುಣವಾದವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದ ಅನೇಕ ಕ್ಯಾನ್ಸರುಗಳಿಗಿಂತ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ಆ ಹಮಾಲಿಯವರನ್ನು ನೇರವಾಗಿ ಕೇಳಿದೆ. “ಹಿಂಗ ಇರೋದಕ್ಕಿಂತ ಸತ್ರ ಚಲೋ ಅಂತ ಯಾವಾಗರ ಅನಿಸೇತೇನ್ರಿ?” ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಆ ಮನುಷ್ಯನಿಗೆ ಎದೆಯ ಮೇಲಿನ ಕಲ್ಲು ಇಳಿಸಲು ಒಂದು ಜಾಗ ಸಿಗುತ್ತದೆ. ಅವರು ಬಹಳ ಹೊತ್ತು ಸುಮ್ಮನಿದ್ದು “ಅನಿಸೇತ್ರಿ” ಎಂದರು. ಅವತ್ತೇ ಮನೋವೈದ್ಯರಿಗೆ ತೋರಿಸಿದೆವು. ಅಪಾಯದ ವಸ್ತು ಯಾವುದೂ ಮನೆಯಲ್ಲಿ ಕೈಗೆ ಸಿಗದಂತೆ ಇಡಲು, ಒಬ್ಬರನ್ನೇ ಬಿಡದಿರಲು ಮನೆಯವರಿಗೆ ಹೇಳಿದೆವು. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮಾತಾಡಿದರೆ ನಾಳೆ ನೋಡೋಣ ಎನ್ನಬೇಡಿ. 14416, ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫೋನಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ, ನಾನು ಒಂದು ನಿಮಿಷ ನಿಲ್ಲುತ್ತೇನೆ.

ನಾನು ಯಾವಾಗಲೂ ಹೀಗೆ ಕೇಳುತ್ತಿದ್ದೆ ಎಂದುಕೊಳ್ಳಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ನನ್ನ ಮುಂದೆ ಅತ್ತರು. ನನಗೆ ಗಾಬರಿಯಾಯಿತು. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು. “ಧೈರ್ಯ ತಗೋಳ್ರಿ, ನಿಮಗಿಂತ ಕಷ್ಟದಾಗ ಇರೋರು ಎಷ್ಟು ಮಂದಿ ಅದಾರ” ಎಂದು ಹೇಳಿ ಫೈಲು ಮುಚ್ಚಿದೆ. ಅವರು ತಲೆಯಾಡಿಸಿ ಹೋದರು. ಎರಡು ತಿಂಗಳು ಬರಲಿಲ್ಲ. ಫೋನು ಮಾಡಿದರೆ ಮಗ ಹೇಳಿದ: “ಅಪ್ಪಗ ನಿಮ್ಮ ಮುಂದ ಅತ್ತಿದ್ದಕ್ಕ ನಾಚಿಕಿ ಆಗೇತ್ರಿ.” ನುಂಗುವ ವ್ಯಾಯಾಮ ನಿಲ್ಲಿಸಿ ಅವರು ಆರು ಕಿಲೋ ಇಳಿದಿದ್ದರು. ಧೈರ್ಯ ಹೇಳಿದ್ದರಲ್ಲಿ ತಪ್ಪೇನು ಎಂದು ನಿಮಗನ್ನಿಸಬಹುದು. ಅವರ ಮಾತು ಅರ್ಧದಲ್ಲಿತ್ತು. ನನ್ನ ಧೈರ್ಯದ ಮಾತು ಅದನ್ನು ಅಲ್ಲಿಗೇ ಕತ್ತರಿಸಿತು.

ಮನಸ್ಸು ಮನಸ್ಸು ಎನ್ನುತ್ತ ಮೈಯನ್ನು ಮರೆಯಬಾರದು. ಕುತ್ತಿಗೆಗೆ ಕರೆಂಟ್ ತೆಗೆದುಕೊಂಡವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಥೈರಾಯ್ಡ್ ಕಡಿಮೆಯಾಗುವುದು ಸಾಮಾನ್ಯ. ಮಂಕು, ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲ. ನೋಡಿದರೆ ಖಿನ್ನತೆಯಂತೆಯೇ ಕಾಣುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು, ಥೈರಾಯ್ಡ್ ಕಡಿಮೆಯಾಗಿದೆ ಎಂದು ಗೊತ್ತಾದರೆ ಮಾತ್ರೆ ಕೊಟ್ಟರೆ ಆಯಿತು. ರಕ್ತ ಕಡಿಮೆಯಿದ್ದರೂ, ನೋವು ಹಿಡಿತಕ್ಕೆ ಬಾರದಿದ್ದರೂ ಮನಸ್ಸು ಕುಗ್ಗುತ್ತದೆ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಸಿಡುಕು ತರುತ್ತದೆ. ಸ್ತನ ಕ್ಯಾನ್ಸರಿನವರು ವರ್ಷಗಟ್ಟಲೆ ನುಂಗುವ ಟ್ಯಾಮಾಕ್ಸಿಫೆನ್‌ನಿಂದ ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರಿ ಎಚ್ಚರವಾಗುತ್ತದೆ. ಇನ್ನೊಂದು ಎಚ್ಚರಿಕೆ: ಖಿನ್ನತೆಗೆ ಕೊಡುವ ಪೆರಾಕ್ಸೆಟಿನ್, ಫ್ಲೂಯಾಕ್ಸೆಟಿನ್‌ನಂಥ ಕೆಲವು ಮಾತ್ರೆಗಳು ಟ್ಯಾಮಾಕ್ಸಿಫೆನ್ ದೇಹದಲ್ಲಿ ಕೆಲಸ ಮಾಡುವುದಕ್ಕೆ ಅಡ್ಡ ಬರುತ್ತವೆ. ಬೇರೆ ಮಾತ್ರೆಗಳಿವೆ. ಆದ್ದರಿಂದ ಮನೋವೈದ್ಯರ ಹತ್ತಿರ ಹೋಗುವಾಗ ಕ್ಯಾನ್ಸರಿನ ಫೈಲನ್ನೂ, ನುಂಗುತ್ತಿರುವ ಎಲ್ಲ ಮಾತ್ರೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೇಳದೆ ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೂರನೆಯ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಟ್ಟವರು ಬಹಳ ಜನ.

ಇನ್ನು, ಏನು ಮಾಡಿದರೆ ಗುಣವಾಗುತ್ತದೆ? ಸ್ಕಾಟ್ಲೆಂಡಿನ ಅದೇ ತಂಡ ಖಿನ್ನತೆ ಇದ್ದ 500 ಜನರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎಂದಿನ ವ್ಯವಸ್ಥೆ. ಇನ್ನೊಂದರಲ್ಲಿ ತರಬೇತಿ ಪಡೆದ ಕ್ಯಾನ್ಸರ್ ನರ್ಸುಗಳು ರೋಗಿಯ ಜೊತೆ ಕೂತು, ಸಮಸ್ಯೆಗಳನ್ನು ಒಂದೊಂದಾಗಿ ಬಿಡಿಸಿ, ಈ ವಾರ ಇದನ್ನು ಮಾಡೋಣ ಎಂದು ನಿಶ್ಚಯಿಸಿ, ಮುಂದಿನ ವಾರ ಏನಾಯಿತು ಎಂದು ಕೇಳಿದರು. ಮನೋವೈದ್ಯರು ಹಿಂದೆ ನಿಂತು ಔಷಧಿಯ ಮೇಲ್ವಿಚಾರಣೆ ಮಾಡಿದರು. ಆರು ತಿಂಗಳ ಹೊತ್ತಿಗೆ ಈ ಗುಂಪಿನಲ್ಲಿ ನೂರಕ್ಕೆ 62 ಜನರ ಖಿನ್ನತೆ ಅರ್ಧಕ್ಕಾದರೂ ಇಳಿದಿತ್ತು. ಎಂದಿನ ವ್ಯವಸ್ಥೆಯಲ್ಲಿ ಇದ್ದವರಲ್ಲಿ 17 ಮಾತ್ರ. ನಾನು ಈ ಅಂಕೆಯನ್ನು ಎಲ್ಲ ಕಡೆ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಕೆಲಸದ ಬಹುಪಾಲು ಮಾಡಿದವರು ನರ್ಸುಗಳು. ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ನಮ್ಮ ತಾಲ್ಲೂಕಿನಲ್ಲೂ ಇದು ಆಗಬಹುದು.

ನಮಗೆ ಇದರ ಬುನಾದಿ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಕ್ಯಾನ್ಸರಿನ ಕಿದ್ವಾಯಿ ಮತ್ತು ಮಾನಸಿಕ ಆರೋಗ್ಯದ ನಿಮ್ಹಾನ್ಸ್ ಹತ್ತಿರ ಹತ್ತಿರವೇ ಇವೆ. ಪ್ರಭಾ ಚಂದ್ರ, ಸಂತೋಷ್ ಚತುರ್ವೇದಿಯವರಂಥ ನಿಮ್ಹಾನ್ಸ್ ಮನೋವೈದ್ಯರು 1990ರ ದಶಕದಲ್ಲೇ ಕ್ಯಾನ್ಸರ್ ರೋಗಿಗಳ ಮನಸ್ಥಿತಿಯ ಅಧ್ಯಯನ ಮಾಡಿದ್ದಾರೆ. ಮನೋವೈದ್ಯಕೀಯವನ್ನು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದು ಎಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ. ಇವತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಕ್ಯಾನ್ಸರಿನ ಫೈಲು ಹಿಡಿದವರು ಆ ಮಂಗಳವಾರದ ಸಾಲಿನಲ್ಲಿ ಕಾಣುವುದು ಅಪರೂಪ. ನಮ್ಮ ಕಡೆಯಿಂದ ಯಾರೂ ಅವರಿಗೆ ಹೇಳಿರುವುದಿಲ್ಲ.

ನಡಿಗೆ. ಇದನ್ನು ಬರೀ ಮೈಗೆ ಎಂದುಕೊಳ್ಳಬೇಡಿ. ಹಲವು ದೇಶಗಳ ತಜ್ಞರು ಸೇರಿ 2019ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ವಾರಕ್ಕೆ ಮೂರು ದಿನ, ಅರ್ಧ ಗಂಟೆ, ತುಸು ಏದುಸಿರು ಬರುವಷ್ಟು ವ್ಯಾಯಾಮವನ್ನು ಹನ್ನೆರಡು ವಾರ ಮಾಡಿದರೆ ಆತಂಕ, ಖಿನ್ನತೆ, ಸುಸ್ತು ಮೂರೂ ಇಳಿಯುತ್ತವೆ. ‘ಸುಸ್ತಾಗ್ತದ, ಮಲಗಿರಲಿ’ ಎಂದು ಮನೆಯವರು ಪ್ರೀತಿಯಿಂದ ಹಾಸಿಗೆಗೆ ಹಾಕಿಬಿಡುತ್ತಾರೆ, ಮಲಗಿದಷ್ಟೂ ಆ ಸುಸ್ತು ಹೆಚ್ಚುತ್ತದೆ. ಆದರೆ ಬೋಳುತಲೆಯ ಹೆಂಗಸಿಗೆ ಊರ ಬೀದಿಯಲ್ಲಿ ನಡೆಯಿರಿ ಎಂದರೆ ನಡೆಯುತ್ತಾರೆಯೇ? ಮಾಳಿಗೆಯ ಮೇಲೆ ನಡೆಯಲಿ, ಹೊಲದ ಬದುವಿನ ಮೇಲೆ ಹೊತ್ತು ಇಳಿದ ಮೇಲೆ ನಡೆಯಲಿ, ಸೊಸೆಯೋ ಮಗಳೋ ಜೊತೆಗಿರಲಿ. ಎಷ್ಟೋ ಮನೆಗಳಲ್ಲಿ ಅತ್ತೆ ಸೊಸೆ ಕ್ಯಾನ್ಸರಿನ ಬಗ್ಗೆ ಮೊದಲ ಸಲ ಮಾತಾಡಿದ್ದು ಈ ನಡಿಗೆಯಲ್ಲಿ.

ದುಡ್ಡಿನ ಮಾತು ಬಿಟ್ಟರೆ ಈ ವಿಷಯ ಅರ್ಧವೇ. ಥರ್ಮಾಮೀಟರಿನ ಜೊತೆಯ ಪಟ್ಟಿಯಲ್ಲಿ ನಮ್ಮವರು ಹೆಚ್ಚು ಗುರುತು ಹಾಕುವುದು ಪ್ರಯಾಣ ಮತ್ತು ದುಡ್ಡಿಗೆ. ಒಂದು ಭೇಟಿಗೆ ಇಬ್ಬರ ಬಸ್ಸು ಚಾರ್ಜು, ಇಬ್ಬರ ಕೂಲಿ ಖೋತಾ. ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗೂ ನಂತರದ ತಪಾಸಣೆಗೂ ರೈಲಿನಲ್ಲಿ ರಿಯಾಯಿತಿ ಇದೆ. ಸ್ಲೀಪರ್‌ನಲ್ಲಿ ರೋಗಿಗೆ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ ನೂರಕ್ಕೆ 75 ಕಡಿತ. ಆಸ್ಪತ್ರೆಯಿಂದ ನಮೂನೆಯಲ್ಲಿ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. ಇದನ್ನು ಒಬ್ಬ ರೋಗಿಗೆ ಮಾಡಿಸಿಕೊಟ್ಟ ದಿನ ಅವರ ಸಂಕಟ ಹನ್ನೆರಡಾಣೆಯಿಂದ ಎಂಟಾಣೆಗೆ ಇಳಿದದ್ದನ್ನು ನಾನು ನೋಡಿದ್ದೇನೆ.

ದನಿಯ ಬಗ್ಗೆಯೂ ಒಂದು ಮಾತು. ಗಂಟಲಿನ ಕ್ಯಾನ್ಸರಿನಲ್ಲಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಸಣ್ಣ ಕವಾಟವೊಂದನ್ನು ಕೂರಿಸಿಕೊಂಡು ಮತ್ತೆ ಮಾತಾಡಬಹುದು. ವಿದೇಶದಿಂದ ಬರುವ ಕವಾಟಕ್ಕೆ ಸಾವಿರಾರು ರೂಪಾಯಿ, ಅದೂ ಆಗಾಗ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಮತ್ತು ಅವರ ಗೆಳೆಯ, ಉದ್ಯಮಿ ಶಶಾಂಕ್ ಮಹೇಶ್ ಸೇರಿ ‘ಓಂ’ ಎಂಬ ಕವಾಟವನ್ನು ಸುಮಾರು 50 ರೂಪಾಯಿಗೆ ಸಿಗುವಂತೆ ರೂಪಿಸಿದರು. ವರ್ಷಗಟ್ಟಲೆ ಸ್ಲೇಟಿನ ಮೇಲೆ ಬರೆದು ಮಾತಾಡುವ ಮನುಷ್ಯನಿಗೆ ಆ ಐವತ್ತು ರೂಪಾಯಿ ಏನೆಂದು ಯೋಚಿಸಿ. ಸ್ಲೇಟು ಹಿಡಿದವರ ಜೊತೆ ಯಾರೂ ಜಗಳ ಕೂಡ ಆಡುವುದಿಲ್ಲ. ಬರೆದು ಮುಗಿಸುವ ಹೊತ್ತಿಗೆ ಎದುರಿನವರು ಎದ್ದು ಹೋಗಿರುತ್ತಾರೆ.

ನಮ್ಮಲ್ಲಿ ಇನ್ನೊಂದು ಗೋಜಲಿದೆ. ರೋಗಿ ಕೋಣೆಗೆ ಬರುವ ಮೊದಲೇ ಮಗ ಒಳಗೆ ಬಂದು “ಅವ್ವಗ ಕ್ಯಾನ್ಸರ್ ಅಂತ ಗೊತ್ತಿಲ್ರಿ, ಹೇಳಬ್ಯಾಡ್ರಿ” ಎನ್ನುತ್ತಾನೆ. ಆಮೇಲೆ ಅವ್ವ ಒಬ್ಬರೇ ಇದ್ದಾಗ “ನನಗ ಗೊತ್ತಾಗೇತಿ ಅಂತ ಮಗನಿಗೆ ಹೇಳಬ್ಯಾಡ, ಎದಿ ಒಡ್ಕೋತಾನ” ಎನ್ನುತ್ತಾರೆ. ಇಬ್ಬರೂ ಒಂದೇ ಆಟೋದಲ್ಲಿ ಮನೆಗೆ ಹೋಗುತ್ತಾರೆ. ನಮ್ಮ ಸಂಸ್ಕೃತಿಯೇ ಹೀಗೆ, ಬದಲಾಗುವುದಿಲ್ಲ ಎಂದು ಕೈಚೆಲ್ಲುವವರಿಗೆ ನಾನು ಒಂದು ಸಂಗತಿ ನೆನಪಿಸುತ್ತೇನೆ. 1961ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ 90 ವೈದ್ಯರು ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ಒಳ್ಳೆಯದು ಎಂದಿದ್ದರು. 1979ರಲ್ಲಿ ಅದೇ ಪ್ರಶ್ನೆಗಳನ್ನು ಕೇಳಿದಾಗ 97 ಜನ ಹೇಳುತ್ತೇವೆ ಎಂದರು. ಹದಿನೆಂಟೇ ವರ್ಷ. ನಾನು ಮನೆಯವರ ಮಾತು ಮೀರಿ ಒಮ್ಮೆಲೇ ಸಿಡಿಸುವುದಿಲ್ಲ. “ನಿಮ್ಮ ಕಾಯಿಲಿ ಬಗ್ಗೆ ನಿಮಗೇನು ತಿಳದೇತಿ?” ಎಂದು ರೋಗಿಯನ್ನೇ ಕೇಳುತ್ತೇನೆ. ಬಹಳ ಸಲ ಅವರೇ ಹೇಳಿಬಿಡುತ್ತಾರೆ. ಆಮೇಲೆ ಮಗನನ್ನು ಒಳಗೆ ಕರೆಯುವುದಷ್ಟೇ ನನ್ನ ಕೆಲಸ.

ಹೊಲಿಗೆಯ ಅಕ್ಕನ ಮ್ಯಾಮೊಗ್ರಾಂ ಸರಿಯಾಗಿಯೇ ಬಂತು. ಆದರೆ ರಿಪೋರ್ಟು ಕೈಗೆ ಬಂದ ರಾತ್ರಿಯೂ ಅವರು ಮೂರು ಗಂಟೆಗೆ ಎದ್ದರು. ಮತ್ತೆ ಬಂದೀತು ಎಂಬ ಭಯ ಒಂದು ಕಾಗದಕ್ಕೆ ಹೋಗುವುದಿಲ್ಲ. ನಾವು ಮಾಡಿದ್ದು ಇಷ್ಟು: ತಿಂಗಳಿಗೆ ಒಂದೇ ದಿನ ಎದೆ ಮುಟ್ಟಿ ನೋಡಿಕೊಳ್ಳುವುದು, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು. ರಾತ್ರಿ ಎಚ್ಚರವಾದರೆ ಬಚ್ಚಲಿಗೆ ಹೋಗದೆ ಗಂಡನನ್ನು ಎಬ್ಬಿಸುವುದು. ಅದಕ್ಕೆ ಮೊದಲು ಗಂಡನಿಗೆ ಹೇಳುವುದು. ಅದೇ ಕಷ್ಟದ್ದು, ನನ್ನ ಕೋಣೆಯಲ್ಲೇ ಆಯಿತು. ಆ ಮನುಷ್ಯ ಕೇಳಿದ್ದು ಒಂದೇ ಮಾತು: “ಇಷ್ಟು ದಿನ ಒಬ್ಬಾಕೀನ ಎದ್ದು ಕುಂತಿದ್ದೆಯೇನು?” ಇಬ್ಬರೂ ಸೇರಿ ಮಗಳ ಸಂಬಂಧದವರಿಗೆ ತಾವೇ ವಿಷಯ ತಿಳಿಸಲು ನಿಶ್ಚಯಿಸಿದರು. ಒಂದು ಕಡೆಯವರು ಹಿಂದೆ ಸರಿದರು, ಅದನ್ನು ಮುಚ್ಚಿಡುವುದಿಲ್ಲ. ಗೋಡೆಯ ಗೆರೆ ನಿಧಾನಕ್ಕೆ ಮತ್ತೆ ಏರಿತು.

ಜೊತೆಗೆ ಬರುವವರನ್ನು ಕುರಿತೇ ಇನ್ನೊಂದು ದಿನ ಮಾತಾಡಬೇಕು. ಹೊರಗಿನ ಬೆಂಚಿನ ಮೇಲೆ ಫೈಲು ತಬ್ಬಿಕೊಂಡು ಕೂತ ಹೆಂಡತಿಗೆ ಎಷ್ಟಾಣೆ ಎಂದು ಕೇಳಿದರೆ ಒಮ್ಮೊಮ್ಮೆ ರೋಗಿಗಿಂತ ಹೆಚ್ಚಿನ ಲೆಕ್ಕ ಬರುತ್ತದೆ.

ಸಭೆ ಶುರುವಾಗುವ ಮೊದಲು ಒಬ್ಬ ಹುಡುಗ ನನ್ನ ಹತ್ತಿರ ಬಂದು ಕೇಳಿದ. “ನಮ್ಮ ಅಪ್ಪನ್ನ ಎಷ್ಟು ಕೇಳಿದ್ರೂ ‘ಆರಾಮ ಅದೀನಿ’ ಅಂತಾರ್ರಿ. ಗೋಡಿ ನೋಡ್ಕೊಂತ ಕೂಡ್ತಾರ. ಏನಂತ ಕೇಳ್ಲಿ?” ನೀನು ಇಲ್ಲೇ ಎಲ್ಲೋ ಕೂತಿದ್ದೀಯ, ನಿನಗೇ ಹೇಳುತ್ತೇನಪ್ಪ. ಎದುರು ಕೂತು ಕೇಳಬೇಡ. ಎದುರು ಕೂತ ಮಗನ ಮುಂದೆ ಯಾವ ಅಪ್ಪನೂ ಸೋಲುವುದಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಬಸ್ಸಿನಲ್ಲಿ ಅವರನ್ನು ಕಿಟಕಿಯ ಪಕ್ಕ ಕೂರಿಸಿ ನೀನು ಪಕ್ಕದಲ್ಲಿ ಕೂತುಕೋ. ಮೊದಲು ನಿನ್ನದನ್ನು ಹೇಳು: “ಅಪ್ಪಾ, ಸ್ಕ್ಯಾನಿಂಗ್ ದಿನ ಹತ್ತಿರ ಬಂದಂಗ ನನಗ ಅಂಜಿಕಿ ಆಗ್ತೇತಿ. ನಿನಗ?” ಅಷ್ಟು ಹೇಳಿ ಸುಮ್ಮನಿರು. ಎರಡು ಊರು ಹೋದರೂ ಹೋಗಲಿ, ಮೊಬೈಲ್ ತೆಗೆಯಬೇಡ. ಅವರು ಕಿಟಕಿಯ ಆಚೆ ನೋಡುತ್ತಲೇ ಮಾತು ಶುರು ಮಾಡಿದರೆ, ಮುಖ ತಿರುಗಿಸಿ ಎಂದು ಹೇಳಬೇಡ. ನೀನೂ ಆ ಕಡೆಗೇ ನೋಡುತ್ತ ಕೇಳು.